ದನದ ಗೊರಕೆ, ಗದ್ದೆಯ ತುರಿಕೆ: ಎರಡಕ್ಕೂ ಒಂದೇ ಬಸವನಹುಳು

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ಬೈಲು ಗದ್ದೆ. ಹಟ್ಟಿಯಲ್ಲಿ ಒಂದು ಮಿಶ್ರತಳಿ ಹಸು, ಎರಡು ಮಲೆನಾಡು ಗಿಡ್ಡ, ಒಂದು ಎಮ್ಮೆ ಇವೆ. ಗಿಡ್ಡಗಳಲ್ಲಿ ಒಂದು ನಾಲ್ಕು ತಿಂಗಳಿಂದ ಉಸಿರಾಡುವಾಗ ಗೊರಕೆ ಹೊಡೆಯುತ್ತಿದೆ, ಮೂಗಿನಿಂದ ರಕ್ತ ಮಿಶ್ರಿತ ಸಿಂಬಳ ಬರುತ್ತದೆ. ಹುಳದ ಮದ್ದು ಎರಡು ಸಲ ಕೊಟ್ಟರೂ ಗುಣ ಕಾಣಲಿಲ್ಲ. ಈ ಸಲ ಸುಗ್ಗಿ ಬೆಳೆಗೆ (ಮಳೆಗಾಲದ ನಂತರದ ಎರಡನೆಯ ಭತ್ತದ ಬೆಳೆ) ನೇಜಿ, ಅಂದರೆ ಭತ್ತದ ಸಸಿ, ನೆಟ್ಟವರಿಗೆಲ್ಲ ಮೊಣಕಾಲಿನವರೆಗೆ ಕೆಂಪು ಗುಳ್ಳೆ ಎದ್ದು ವಾರವಿಡೀ ತುರಿಸಿತು. ದನ ಕುಡಿಯುವುದೂ ಗದ್ದೆಗೆ ಬಿಡುವುದೂ ಒಂದೇ ಮದಗದ (ಸಣ್ಣ ಕೆರೆಯ) ನೀರು. ಇವೆರಡಕ್ಕೆ ಸಂಬಂಧ ಇದೆಯೇ? ದನದ ರೋಗ ನಮಗೆ ಬರುತ್ತದೆಯೇ? ಮದಗಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕಿದರೆ ಸರಿಯಾದೀತೇ?

ಉತ್ತರ: ಸಂಬಂಧ ಇರುವ ಸಾಧ್ಯತೆ ಬಹಳ. ಆದರೆ ಅದು ದನದಿಂದ ನೇರವಾಗಿ ಮನುಷ್ಯರಿಗೆ ಬರುವಂಥದ್ದಲ್ಲ. ನಡುವೆ ಒಂದು ಬಸವನಹುಳು ಕೂತಿದೆ. ಮೈಲುತುತ್ತು ಮಾತ್ರ ಬೇಡ, ಕಾರಣ ಮುಂದೆ ಹೇಳುತ್ತೇವೆ.

ದನದ ರಕ್ತನಾಳದಲ್ಲಿ ವಾಸಿಸುವ ಶಿಸ್ಟೋಸೋಮ ಎಂಬ ಹುಳುಗಳಿವೆ. ನಮ್ಮ ಕಡೆಯ ಲೆಕ್ಕಕ್ಕೆ ಎರಡು ಜಾತಿ ಮುಖ್ಯ. ಶಿಸ್ಟೋಸೋಮ ನಾಸೇಲ್ ಮೂಗಿನ ಒಳಪದರದ ರಕ್ತನಾಳದಲ್ಲಿ ನೆಲೆಸುತ್ತದೆ. ಅದರ ಮೊಟ್ಟೆಯ ಸುತ್ತ ಹೂಕೋಸಿನಂಥ ಗಂಟು ಬೆಳೆದು ಉಸಿರಿನ ದಾರಿ ಕಿರಿದಾಗುತ್ತದೆ, ಗೊರಕೆ ಬರುವುದು ಅದರಿಂದ. ಇದನ್ನು 1930ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ದನಗಳಲ್ಲೇ ಮೊದಲು ಗುರುತಿಸಿದ್ದು. ಇನ್ನೊಂದು ಶಿಸ್ಟೋಸೋಮ ಸ್ಪಿಂಡೇಲ್. ಅದು ಕರುಳಿನ ರಕ್ತನಾಳದಲ್ಲಿರುತ್ತದೆ, ಮೊಟ್ಟೆ ಸೆಗಣಿಯಲ್ಲಿ ಹೊರಬರುತ್ತದೆ. ಅಂದರೆ ಒಂದರ ಮೊಟ್ಟೆ ಸಿಂಬಳದಲ್ಲಿ, ಇನ್ನೊಂದರದ್ದು ಸೆಗಣಿಯಲ್ಲಿ. ಎರಡೂ ಸೇರುವುದು ನೀರಿಗೆ, ಎರಡೂ ಹುಡುಕುವುದು ಒಂದೇ ಬಸವನಹುಳುವನ್ನು.

ನೀರಿಗೆ ಬಿದ್ದ ಮೊಟ್ಟೆ ಒಡೆದು ಬರುವ ಮರಿಗೆ ಒಂದು ದಿನದಷ್ಟೂ ಆಯುಸ್ಸಿಲ್ಲ. ಅಷ್ಟರೊಳಗೆ ಬಸವನಹುಳು ಸಿಕ್ಕಿದರೆ ಒಳಹೊಕ್ಕು, ಸುಮಾರು ನಾಲ್ಕರಿಂದ ಏಳು ವಾರದಲ್ಲಿ ಬಾಲ ಕವಲೊಡೆದ ಸಣ್ಣ ಈಜುಮರಿಗಳಾಗಿ ಹೊರಬರುತ್ತದೆ. ಸೋಂಕು ತಗಲಿದ ಒಂದೇ ಬಸವನಹುಳು ದಿನಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಈಜುಮರಿ ಬಿಡುತ್ತದೆ, ಅದೂ ಹೆಚ್ಚಾಗಿ ಬೆಳಕು ಬಿದ್ದ ಮೇಲಿನ ಬೆಳಗಿನ ಹೊತ್ತಿನಲ್ಲಿ. ಇವು ಬಾಯಿಯಿಂದ ಹೋಗಬೇಕೆಂದಿಲ್ಲ, ಚರ್ಮವನ್ನೇ ತೂರಿ ಒಳಗೆ ಹೋಗುತ್ತವೆ. ದನದ ಚರ್ಮ ಸಿಕ್ಕಿದರೆ ಸರಿಯಾದ ಮನೆ ಸಿಕ್ಕಿತು. ನೇಜಿ ನೆಡುವವರ ಕಾಲು ಸಿಕ್ಕಿದರೆ ತೂರುತ್ತವೆ, ಆದರೆ ಮುಂದೆ ಹೋಗಲಾಗದೆ ಚರ್ಮದಲ್ಲೇ ಸಾಯುತ್ತವೆ. ಸತ್ತ ಮರಿಯ ಮೇಲೆ ನಮ್ಮ ದೇಹ ತೋರಿಸುವ ಸಿಟ್ಟೇ ಆ ಗುಳ್ಳೆ ಮತ್ತು ತುರಿಕೆ. ಅದಕ್ಕೇ ಪ್ರತಿ ವರ್ಷ ಗದ್ದೆಗಿಳಿಯುವವರಿಗೆ ಮೊದಲ ಸಲ ಇಳಿದವರಿಗಿಂತ ಜೋರಾಗಿ ಏಳುತ್ತದೆ.

ಹೆಸರು ಹುಡುಕಿ ನೋಡಿದವರು ಆಫ್ರಿಕಾದ ರಕ್ತಮೂತ್ರ ರೋಗದ ಚಿತ್ರ ಕಂಡು ಗಾಬರಿಯಾಗುವುದುಂಟು. ಅದು ಮನುಷ್ಯರ ಶಿಸ್ಟೋಸೋಮ, ಬೇರೆ ಜಾತಿ. ಭಾರತದಲ್ಲಿ ಅದರ ನೆಲೆ ಎಂದು ವರದಿಯಾದದ್ದು 1952ರಲ್ಲಿ, ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ. ನಿಮ್ಮ ಮದಗಕ್ಕೂ ಅದಕ್ಕೂ ನಂಟು ಹಾಕಬೇಡಿ. ಗೊರಕೆ ಹೊಡೆಯುವ ದನದ ಹಾಲಿನಿಂದಾಗಲಿ, ಮುಟ್ಟುವುದರಿಂದಾಗಲಿ ಈ ಹುಳು ನಿಮಗೆ ಬರುವುದಿಲ್ಲ. ಹಾಲು ಎಂದಿನಂತೆ ಕುದಿಸಿ ಕುಡಿಯಿರಿ.

ಮೊದಲು ಮದಗದ ದಂಡೆಗೆ ಹೋಗಿ ಬಸವನಹುಳು ನೋಡಿ. ತುಳುವರು ಬೇಯಿಸಿ ತಿನ್ನುವ ನರ್ತೆಗೆ ಬಾಯಿ ಮುಚ್ಚುವ ಗಟ್ಟಿ ಮುಚ್ಚಳ ಇರುತ್ತದೆ, ಅದು ಇಲ್ಲಿ ಅಪರಾಧಿಯಲ್ಲ. ನೀವು ಹುಡುಕಬೇಕಾದ್ದು ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್. ಮುಚ್ಚಳವಿಲ್ಲ, ಟಗರಿನ ಕೊಂಬಿನ ಹಾಗೆ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಸುತ್ತಿಕೊಂಡ ಕಂದು ಚಿಪ್ಪು, ದೊಡ್ಡದಾದರೆ ಎರಡು ಸೆಂಟಿಮೀಟರ್ ಅಗಲ. ಕಡ್ಡಿಯಿಂದ ಜಜ್ಜಿದರೆ ಕೆಂಪು ರಸ ಬರುತ್ತದೆ. ಅದರ ರಕ್ತದಲ್ಲಿ ನಮ್ಮ ರಕ್ತದ ಹಾಗೆಯೇ ಹಿಮೋಗ್ಲೋಬಿನ್ ಇದೆ, ಹಾಗಾಗಿ ಆಮ್ಲಜನಕ ಕಡಿಮೆ ಇರುವ ಕೊಳೆನೀರಿನಲ್ಲೂ ಬದುಕುತ್ತದೆ. ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುವುದರಿಂದ ಒಂದೇ ಒಂದು ಉಳಿದರೂ ಸಂತಾನ ಮುಂದುವರಿಯುತ್ತದೆ. ಮುಂದೆ ಹೇಳುವ ಉಪಾಯಗಳಲ್ಲಿ ಯಾವುದೂ ಒಂದೇ ಸಲಕ್ಕೆ ಮುಗಿಯದಿರುವುದು ಇದೇ ಕಾರಣಕ್ಕೆ.

ಹಿಡಿಯಲು ಅಡುಗೆಮನೆಯ ಹಳೆಯ ಜರಡಿಯನ್ನು ಬಿದಿರಿನ ಕೋಲಿಗೆ ಕಟ್ಟಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ದಂಡೆಯ ಆಳವಿಲ್ಲದ ಜಾಗದಲ್ಲಿ, ಅಂತರಗಂಗೆಯ ಬೇರಿನ ಕೆಳಗೆ, ದನ ಇಳಿಯುವ ಕಡೆ ಹದಿನೈದು ನಿಮಿಷ ಜಾಲಾಡಿ ಎಣಿಸಿ ಬರೆದಿಡಿ. ಸೋಂಕು ಇದೆಯೋ ಇಲ್ಲವೋ ನೋಡಲು ಹತ್ತಿಪ್ಪತ್ತು ಬಸವನಹುಳುಗಳನ್ನು ರಾತ್ರಿ ಕತ್ತಲಲ್ಲಿಟ್ಟು, ಬೆಳಿಗ್ಗೆ ಬಾವಿನೀರು ತುಂಬಿದ ಗಾಜಿನ ಲೋಟಗಳಲ್ಲಿ ಒಂದೊಂದನ್ನೇ ಹಾಕಿ ಎಳೆಬಿಸಿಲಲ್ಲಿ ಎರಡು ಮೂರು ಗಂಟೆ ಇಡಿ. ಆಮೇಲೆ ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿದರೆ ಬಿಳಿ ದೂಳಿನ ಕಣದಂಥವು ತಾವಾಗಿ ಏರುತ್ತ ಇಳಿಯುತ್ತ ಇರುವುದು ಕಾಣಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ಕವಲುಬಾಲವೂ ತಿಳಿಯುತ್ತದೆ. ಏನೂ ಕಾಣದಿದ್ದರೆ ಸೋಂಕಿಲ್ಲ ಎಂದು ತೀರ್ಮಾನಿಸಬೇಡಿ. ಸೋಂಕಿರುವ ಮದಗದಲ್ಲೂ ನೂರಕ್ಕೆ ಕೆಲವೇ ಬಸವನಹುಳುಗಳಲ್ಲಿ ಮರಿ ಸಿಗುವುದು. ಆ ನೀರನ್ನು ಕುದಿಸಿ ಚೆಲ್ಲಿ, ಬರಿಗೈಗೆ ಸೋಕಿಸಬೇಡಿ.

ಇನ್ನು ದನದ ವಿಷಯ. ನೀವು ಕೊಟ್ಟ ಮದ್ದು ಫಲ ಕೊಡದಿರುವುದರಲ್ಲಿ ಆಶ್ಚರ್ಯವಿಲ್ಲ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಐವರ್‌ಮೆಕ್ಟಿನ್ ಇವು ಕರುಳಿನ ದುಂಡುಹುಳುಗಳಿಗೆ ಸರಿ, ರಕ್ತನಾಳದ ಶಿಸ್ಟೋಸೋಮಕ್ಕೆ ನಾಟುವುದಿಲ್ಲ. ಆದರೆ ಗೊರಕೆ ಎಂದಾಕ್ಷಣ ಎಲ್ಲವೂ ಇದೇ ರೋಗವೂ ಅಲ್ಲ. ಮೂಗಿನೊಳಗೆ ಜಿಗಣೆ ಹೊಕ್ಕಿದ್ದರೂ ರಕ್ತ ಸುರಿಯುತ್ತದೆ, ರೈನೋಸ್ಪೊರಿಡಿಯೋಸಿಸ್ ಎಂಬ ಇನ್ನೊಂದು ರೋಗದಲ್ಲೂ ಕೆಂಪು ಗಡ್ಡೆ ಬೆಳೆಯುತ್ತದೆ. (ಈ ಕೊನೆಯದು ಕೆರೆಯಲ್ಲಿ ಮೀಯುವ ಮನುಷ್ಯರಿಗೂ ಬರುವುದುಂಟು. ಯಾರಿಗಾದರೂ ಮೂಗಿನಲ್ಲಿ ರಕ್ತ ಒಸರುವ ಗಡ್ಡೆ ಇದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.) ಆದ್ದರಿಂದ ಪಶುವೈದ್ಯರಲ್ಲಿ ಮೂಗಿನ ಪದರವನ್ನು ಕೆರೆದು ಪರೀಕ್ಷೆ ಮಾಡಿಸಿ ಎಂದೇ ಕೇಳಿ. ಕೆರೆದ ಅಂಶವನ್ನು ಕ್ಷಾರದ ದ್ರಾವಣದಲ್ಲಿ ಕರಗಿಸಿ, ತಳಕ್ಕೆ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿದ ಕುಡುಗೋಲಿನ ಆಕಾರದ ಮೊಟ್ಟೆ ಸಿಗುತ್ತದೆ. ಈ ಆಕಾರದಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಎಮ್ಮೆಯನ್ನೂ ಪರೀಕ್ಷೆ ಮಾಡಿಸಿ, ಅದು ಗೊರಕೆ ಹೊಡೆಯದಿದ್ದರೂ. ಎಮ್ಮೆಯಲ್ಲಿ ಈ ಹುಳು ಇದ್ದೂ ಹೊರಗೆ ಲಕ್ಷಣ ಕಾಣುವುದು ಕಡಿಮೆ, ಮೊಟ್ಟೆ ಮಾತ್ರ ಬೀಳುತ್ತಲೇ ಇರುತ್ತದೆ. ಮಧ್ಯಾಹ್ನವಿಡೀ ಮದಗದಲ್ಲಿ ಮಲಗುವ ಪ್ರಾಣಿಯೂ ಅದೇ. ಕೊಟ್ಟಿಗೆಯ ಕಾಯಿಲೆಯ ದನಕ್ಕೆ ಮಾತ್ರ ಮದ್ದು ಕೊಟ್ಟು ಎಮ್ಮೆಯನ್ನು ಬಿಟ್ಟರೆ ಮುಂದಿನ ಸುಗ್ಗಿಗೆ ಮತ್ತೆ ಅದೇ ಕತೆ.

ಚಿಕಿತ್ಸೆಗೆ ಪ್ರಾಜಿಕ್ವಾಂಟೆಲ್ ಇದೆ. ದನಗಳಿಗೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 25 ಮಿಲಿಗ್ರಾಂನ ಆಸುಪಾಸಿನಲ್ಲಿ ಲೆಕ್ಕ ಹಾಕುತ್ತಾರೆ. 100 ಕಿಲೋದ ಗಿಡ್ಡಕ್ಕೆ 2500 ಮಿಲಿಗ್ರಾಂ, ಅಂದರೆ 600 ಮಿಲಿಗ್ರಾಂನ ಮಾತ್ರೆ ನಾಲ್ಕಕ್ಕೆ ಸ್ವಲ್ಪ ಮೇಲೆ. 350 ಕಿಲೋದ ಮಿಶ್ರತಳಿಗೆ ಅದೇ ಲೆಕ್ಕದಲ್ಲಿ ಹದಿನಾಲ್ಕು ಹದಿನೈದು ಮಾತ್ರೆ. ಖರ್ಚು ಯಾಕೆ ಏರುತ್ತದೆಂದು ತಿಳಿಯಲಿ ಎಂದು ಹೇಳಿದ್ದು. ಪ್ರಮಾಣ, ಗಬ್ಬದ ವಿಚಾರ, ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು ಎಂಬುದು ಪಶುವೈದ್ಯರೇ ನಿರ್ಧರಿಸಬೇಕಾದ್ದು. ಆಂಟಿಮನಿ ಇರುವ ಹಳೆಯ ಚುಚ್ಚುಮದ್ದೂ ಬಳಕೆಯಲ್ಲಿದೆ. ಅದು ಅಗ್ಗ, ಆದರೆ ಕೈತಪ್ಪಿದರೆ ಚುಚ್ಚಿದ ಜಾಗ ಬಾತು ಕೀವು ಕಟ್ಟಬಹುದು, ವಿಷವೂ ಆಗಬಹುದು. ಮನೆಯಲ್ಲಿ ಕೊಡುವ ಮದ್ದು ಅಲ್ಲ. ಪ್ರಾಜಿಕ್ವಾಂಟೆಲ್ ಎಳೆಯ ಹುಳುಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹೀಗಾಗಿ ನಾಲ್ಕರಿಂದ ಆರು ವಾರ ಬಿಟ್ಟು ಎರಡನೆಯ ಸಲ ಕೊಡಬೇಕೇ ಎಂದು ಕೇಳಿ. ಒಂದು ಮದಗಕ್ಕೆ ಇಳಿಯುವ ಎಲ್ಲ ಮನೆಗಳ ದನಕ್ಕೂ ಒಂದೇ ವಾರದಲ್ಲಿ ಕೊಟ್ಟರೆ ಹಣ ಸಾರ್ಥಕ. ನಾಲ್ಕು ಮನೆ ಒಟ್ಟಾಗಿ 1962ಕ್ಕೆ ಕರೆ ಮಾಡಿ ಪಶು ಆಸ್ಪತ್ರೆಯ ವಾಹನ ಕರೆಸಿಕೊಳ್ಳುವ ಬಗ್ಗೆ ವಿಚಾರಿಸಿ.

ಮದ್ದು ಎಷ್ಟೇ ಒಳ್ಳೆಯದಿರಲಿ, ಮರುದಿನ ದನ ಅದೇ ಮದಗಕ್ಕೆ ಇಳಿದರೆ ಮತ್ತೆ ಸೋಂಕು. ಹಾಗಾಗಿ ಕೈಯಲ್ಲಿರುವ ಹಣ ಮೊದಲು ಹೋಗಬೇಕಾದ್ದು ಮಾತ್ರೆಗಲ್ಲ, ಹಟ್ಟಿಯ ಪಕ್ಕದ ನೀರಿನ ತೊಟ್ಟಿಗೆ. ಬಾವಿ ಇದ್ದರೆ ಬಾವಿನೀರನ್ನೇ ತೊಟ್ಟಿಗೆ ಬಿಡಿ, ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಬಾವಿ ಬತ್ತುವ ಮಾರ್ಚ್ ಏಪ್ರಿಲ್‌ನಲ್ಲಿ ಮದಗದ ನೀರೇ ಗತಿ ಎಂದಾದರೆ ಒಂದು ಸುಲಭ ದಾರಿ ಇದೆ: ಈಜುಮರಿಯ ಆಯುಸ್ಸು ಹೆಚ್ಚೆಂದರೆ ಎರಡು ದಿನ. ಬಸವನಹುಳು ಇಲ್ಲದ ಪಾತ್ರೆಯಲ್ಲಿ 48 ಗಂಟೆ ನಿಂತ ನೀರಿನಲ್ಲಿ ಅವು ಸತ್ತಿರುತ್ತವೆ. ನಿಮ್ಮ ಹಟ್ಟಿಗೆ ದಿನಕ್ಕೆ ಮಿಶ್ರತಳಿಗೆ 70, ಎಮ್ಮೆಗೆ 60, ಗಿಡ್ಡಗಳಿಗೆ ತಲಾ 20, ಒಟ್ಟು ಸುಮಾರು 170 ಲೀಟರ್ ಬೇಕಾದೀತು. 200 ಲೀಟರಿನ ಡ್ರಮ್ ಮೂರು ಇಟ್ಟುಕೊಳ್ಳಿ. ಸೋಮವಾರ ಮೊದಲನೆಯದು, ಮಂಗಳವಾರ ಎರಡನೆಯದು, ಬುಧವಾರ ಮೂರನೆಯದು ತುಂಬಿ. ಬುಧವಾರ ಬಳಸುವುದು ಮೊದಲನೆಯದನ್ನು. ಹೀಗೆ ಸುತ್ತುತ್ತ ಹೋದರೆ ಯಾವ ದಿನವೂ ಎರಡು ದಿನಕ್ಕಿಂತ ಹೊಸ ನೀರು ದನದ ಬಾಯಿಗೆ ಹೋಗುವುದಿಲ್ಲ. ಎಡವಟ್ಟಾಗುವುದು ಎರಡು ಕಡೆ. ಪಂಪಿನ ಪೈಪಿನ ಬಾಯಿಗೆ ಬಲೆ ಕಟ್ಟದಿದ್ದರೆ ಬಸವನಹುಳುವೇ ಡ್ರಮ್ಮಿಗೆ ಬಂದು ಅಲ್ಲೇ ಸಂಸಾರ ಹೂಡುತ್ತದೆ. ಎರಡನೆಯದು, ಅವಸರಕ್ಕೆ ಅರ್ಧ ಖಾಲಿಯಾದ ಡ್ರಮ್ಮಿಗೆ ಹೊಸ ನೀರು ತುಂಬಿಸುವುದು. ಅಲ್ಲಿಗೆ 48 ಗಂಟೆಯ ಲೆಕ್ಕ ಮೊದಲಿಂದ ಶುರು. ಹದಿನೈದು ದಿನಕ್ಕೊಮ್ಮೆ ಡ್ರಮ್ಮಿನ ಒಳಗೋಡೆ ತಿಕ್ಕಿ ತೊಳೆಯಿರಿ, ಲೋಳೆಯಂಥ ಮೊಟ್ಟೆಗೊಂಚಲು ಅಂಟಿರುತ್ತದೆ. ಎಮ್ಮೆಗೆ ಮೈ ತಂಪಾಗಬೇಕಲ್ಲ, ಹಟ್ಟಿಯಲ್ಲೇ ಪೈಪಿನಲ್ಲಿ ನೀರು ಬಿಡಿ. ಗೊರಕೆಯ ಗಿಡ್ಡಕ್ಕೆ ಬೇರೆ ಬಕೆಟ್, ಅದು ಸೀನಿ ಉಳಿಸಿದ ನೀರನ್ನು ಒಣನೆಲಕ್ಕೆ ಚೆಲ್ಲಿ. ತೋಡಿಗೆ (ಸಣ್ಣ ಹಳ್ಳಕ್ಕೆ) ಬೇಡ.

ಮದಗದಲ್ಲಿ ಬಸವನಹುಳು ಕಡಿಮೆ ಮಾಡುವುದು ನಿಧಾನದ ಕೆಲಸ. ಹಸಿ ತೆಂಗಿನ ಮಡಲುಗಳನ್ನು ದಂಡೆಯುದ್ದಕ್ಕೂ ಮೂರು ನಾಲ್ಕು ಮೀಟರಿಗೆ ಒಂದರಂತೆ ನೀರಿಗೆ ಹಾಕಿ ಹಗ್ಗ ಕಟ್ಟಿಡಿ. ಬಸವನಹುಳು ಅದಕ್ಕೆ ಬಂದು ಅಂಟುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ವಾರಕ್ಕೊಮ್ಮೆ ಎಳೆದು, ಬಕೆಟಿನ ಮೇಲೆ ಕೊಡವಿ, ಬಿದ್ದವಕ್ಕೆ ಕುದಿಯುವ ನೀರು ಸುರಿಯಿರಿ. ಮಡಲನ್ನು ಬಿಸಿಲಲ್ಲಿ ಒಣಗಿಸಿ. ವಾರಕ್ಕಿಂತ ತಡವಾದರೆ ಮೊಟ್ಟೆ ಅಲ್ಲೇ ಒಡೆದು, ನೀವು ಬಲೆ ಹಾಕಿದ್ದಲ್ಲ, ಬಾಣಂತಿಕೋಣೆ ಕಟ್ಟಿಕೊಟ್ಟ ಹಾಗಾಗುತ್ತದೆ. ತೆಗೆದ ಅಂತರಗಂಗೆಯನ್ನು ದಂಡೆಯಲ್ಲೇ ರಾಶಿ ಹಾಕಬೇಡಿ, ಮಳೆಗೆ ಮತ್ತೆ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಹೂಳೆತ್ತುವಾಗ ಮೇಲಿನ ಒಂದು ಗೇಣು ಕೆಸರನ್ನು ಎತ್ತರದ ಬೆಟ್ಟುಗದ್ದೆಗೆ ಹರಡಿ ಒಣಗಿಸಿ, ಏಕೆಂದರೆ ಇವು ಕೆಸರಿನಲ್ಲಿ ಹುದುಗಿ ಬೇಸಿಗೆ ಕಳೆಯಬಲ್ಲವು. ಹೂಳೆತ್ತುವ ಸಮಯದಲ್ಲೇ ದಂಡೆಯನ್ನು ಮುರಕಲ್ಲು ಕಟ್ಟಿ ನೆಟ್ಟಗೆ ಮಾಡಿದರೆ ಅವಕ್ಕೆ ಬೇಕಾದ ಮೊಣಕಾಲುದ್ದದ ಕಳೆನೀರೇ ಇಲ್ಲವಾಗುತ್ತದೆ.

ಮೈಲುತುತ್ತಿನ ಲೆಕ್ಕ ನೋಡಿ. 20 ಮೀಟರ್ ಉದ್ದ, 10 ಮೀಟರ್ ಅಗಲ, 1 ಮೀಟರ್ ಆಳದ ಮದಗದಲ್ಲಿ 2 ಲಕ್ಷ ಲೀಟರ್ ನೀರು. ಬಸವನಹುಳುವಿಗೆ ಹಿಂದೆ ಹೇಳುತ್ತಿದ್ದ 50,000ಕ್ಕೆ ಒಂದು ಭಾಗದಂತೆ ಹಾಕಿದರೂ 4 ಕಿಲೋ ಬೇಕು. ಮೀನು ಅದಕ್ಕಿಂತ ಎಷ್ಟೋ ಕಡಿಮೆಗೆ ಸಾಯುತ್ತದೆ. ತಾಮ್ರದ ದೊಡ್ಡ ಪಾಲು ಕೆಸರಿಗೆ, ಪಾಚಿಗೆ ಅಂಟಿ ನಿಷ್ಫಲ. ಮೊಟ್ಟೆಗೊಂಚಲು, ಕೆಸರಲ್ಲಿ ಹುದುಗಿದವು ಉಳಿದುಕೊಂಡು ತಿಂಗಳೊಪ್ಪತ್ತಿನಲ್ಲಿ ಮತ್ತೆ ತುಂಬುತ್ತವೆ, ಈ ಸಲ ತಿನ್ನುವ ಮೀನೂ ಇಲ್ಲದ ಮದಗದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಿ ಉಳಿದ ಮೈಲುತುತ್ತು ಮನೆಯಲ್ಲಿದೆ ಎಂಬುದು ಅದನ್ನು ಮದಗಕ್ಕೆ ಸುರಿಯಲು ಕಾರಣವಾಗಬಾರದು. ಬಾತುಕೋಳಿ ಬಸವನಹುಳು ತಿನ್ನುತ್ತದೆ ನಿಜ. ಆದರೆ ಬಾತುಕೋಳಿಗೂ ಅದರದ್ದೇ ಶಿಸ್ಟೋಸೋಮಗಳಿವೆ, ಅವೂ ಮನುಷ್ಯರ ಕಾಲಿಗೆ ಇದೇ ತುರಿಕೆ ತರುತ್ತವೆ. ಆ ದಾರಿಯನ್ನು ನಾವು ಶಿಫಾರಸು ಮಾಡುವುದಿಲ್ಲ.

ಸುಗ್ಗಿಯಲ್ಲೇ ತುರಿಕೆ ಯಾಕೆ ಹೆಚ್ಚು ಎಂಬುದಕ್ಕೂ ಉತ್ತರ ನೀರಿನ ಓಟದಲ್ಲಿದೆ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ನೆರೆ ತೋಡನ್ನು ಗುಡಿಸಿ ಹಾಕುತ್ತದೆ, ಬಸವನಹುಳು ನಿಲ್ಲಲಾಗುವುದಿಲ್ಲ. ಮಳೆ ಕಮ್ಮಿಯಾಗಿ ತೋಡಿಗೆ ಕಟ್ಟ ಹಾಕಿದ ಮೇಲೆ ನೀರು ನಿಲ್ಲುತ್ತದೆ, ಕಳೆ ಬರುತ್ತದೆ, ಹಿಂದೆಯೇ ಇವೂ ಬರುತ್ತವೆ. ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಬಂದ ಕಡೆ ಇದನ್ನು ಇನ್ನಷ್ಟು ಗಮನಿಸಬೇಕು. ಉಪ್ಪುನೀರು ಏರುತ್ತಿದ್ದ ಹೊಳೆಯಂಚಿನ ಗದ್ದೆಗಳಲ್ಲಿ ಈ ಬಸವನಹುಳುವಿಗೆ ಉಪ್ಪೇ ತಡೆ, ಸಿಹಿನೀರು ನಿಂತರೆ ಆ ತಡೆ ಹೋಗುತ್ತದೆ. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ಬಾಯಿಯ ಬಳಿ 1986ರಲ್ಲಿ ಡಯಾಮಾ ಅಣೆಕಟ್ಟು ಮುಗಿಯಿತು, ಉಪ್ಪುನೀರು ನಿಂತಿತು. ಎರಡೇ ವರ್ಷದಲ್ಲಿ ನದಿಯ ಮೇಲ್ಭಾಗದ ರಿಷಾರ್ ಟೋಲ್ ಪಟ್ಟಣದಲ್ಲಿ ಮನುಷ್ಯರ ಶಿಸ್ಟೋಸೋಮ ಕಾಣಿಸಿಕೊಂಡು ಊರಿಗೆ ಊರೇ ಹಬ್ಬಿತು. ಅಣೆಕಟ್ಟು ಬೇಡ ಎಂದಲ್ಲ. ಹಲಗೆ ಹಾಕಿದ ಮೇಲೆ ದಂಡೆಯ ಕಳೆ ತೆಗೆಯುವ ಕೆಲಸವನ್ನೂ ಪಂಚಾಯಿತಿಯ ಪಟ್ಟಿಗೆ ಸೇರಿಸಬೇಕು ಎಂದಷ್ಟೆ.

ಸೆಗಣಿ ಹಸಿಯಾಗಿ ಗದ್ದೆಗೆ ಹೋಗಬಾರದು. ಹಟ್ಟಿ ತೊಳೆದ ನೀರು ತೋಡಿಗೆ ಹರಿಯುತ್ತಿದ್ದರೆ ಅದನ್ನು ತೆಂಗಿನ ಬುಡಕ್ಕೆ ತಿರುಗಿಸಿ. ಸೊಪ್ಪು ಸೇರಿಸಿ ಗುಂಡಿಯಲ್ಲಿ ಬಿಸಿಯೇರುವಂತೆ ರಾಶಿ ಹಾಕಿ, ಒಮ್ಮೆ ಮಗುಚಿ, ಎರಡು ತಿಂಗಳು ಕೊಳೆಸಿದ ಹಟ್ಟಿಗೊಬ್ಬರದಲ್ಲಿ ಈ ಮೊಟ್ಟೆ ಉಳಿಯುವುದಿಲ್ಲ. ಹೊರಬದಿಯ ಸೆಗಣಿಗೆ ಬಿಸಿ ತಾಗುವುದಿಲ್ಲವಾದ್ದರಿಂದ ಮಗುಚುವುದನ್ನು ತಪ್ಪಿಸಬೇಡಿ.

ಗದ್ದೆಗಿಳಿಯುವವರಿಗೆ: ನೇಜಿ ನೆಡುವ ಎರಡು ಮೂರು ದಿನ ಮೊದಲು ಹಳೆಯ ನೀರು ಬಸಿದು, ನೆಡುವ ಹೊತ್ತಿಗೆ ಸಾಧ್ಯವಾದರೆ ಬಾವಿನೀರು ಬಿಡಿ. ಮದಗದ ನೀರು ಬೀಳುವ ಬಾಯಿ ಮತ್ತು ಹುಣಿಯ (ಗದ್ದೆಯ ಬದುವಿನ) ಮೂಲೆಗಳೇ ಹೆಚ್ಚು ಕೆಟ್ಟ ಜಾಗ. ಅಲ್ಲಿ ಗಮ್‌ಬೂಟು ಹಾಕಿದವರು ನಿಲ್ಲಲಿ. ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚಿಕೊಳ್ಳುವ ರೂಢಿ ತಕ್ಕಮಟ್ಟಿಗೆ ಉಪಯೋಗ, ಆದರೆ ಕೆಸರಿನಲ್ಲಿ ಬೇಗ ತೊಳೆದುಹೋಗುತ್ತದೆ, ಚಾ ಕುಡಿಯಲು ಮೇಲೆ ಬಂದಾಗ ಮತ್ತೆ ಹಚ್ಚಬೇಕು. ಮೇಲೆ ಬಂದ ಕೂಡಲೇ ಒಣ ಬೈರಾಸಿನಿಂದ ಕಾಲನ್ನು ಗಸಗಸ ಒರೆಸಿಕೊಳ್ಳಿ. ಕಾಲಿನ ನೀರು ತಾನಾಗಿ ಆರಲಿ ಎಂದು ಹುಣಿಯ ಮೇಲೆ ಕೂತರೆ ಅಂಟಿಕೊಂಡ ಮರಿಗಳಿಗೆ ತೂರಲು ಬೇಕಾದ ಸಮಯ ಕೊಟ್ಟಂತೆ.

ತುರಿಕೆ ಇದರದ್ದೇ ಎಂದು ತಿಳಿಯುವುದು ಗುಳ್ಳೆ ಇರುವ ಜಾಗದಿಂದ. ನೀರು ಮುಟ್ಟಿದ ಮಟ್ಟದವರೆಗೆ ಮಾತ್ರ ಬಿಡಿಬಿಡಿ ಕೆಂಪು ಚುಕ್ಕೆ, ಅರ್ಧ ದಿನದೊಳಗೆ ಉಬ್ಬಿ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಬೆರಳ ಸಂದಿ ಬೆಳ್ಳಗಾಗಿ ಕೊಳೆತರೆ ಅದು ಕೆಸರುಹುಣ್ಣು, ಮದ್ದು ಬೇರೆ. ಇದಕ್ಕೆ ಕ್ಯಾಲಮೈನ್ ಲೋಷನ್, ರಾತ್ರಿ ನಿದ್ದೆ ಬಾರದಿದ್ದರೆ ವೈದ್ಯರನ್ನು ಕೇಳಿ ಅಲರ್ಜಿಯ ಮಾತ್ರೆ ಸಾಕು. ಹುಳದ ಮಾತ್ರೆ ಬೇಡ, ಮರಿಗಳು ಆಗಲೇ ಸತ್ತಿವೆ.

ತುರಿಸಿ ಗಾಯ ಮಾಡಿಕೊಂಡು ಮತ್ತೆ ಗದ್ದೆಗಿಳಿಯುವುದೇ ನಿಜವಾದ ಅಪಾಯ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರ ಇದೆ, ಅದರ ರೋಗಾಣು ಒಳಗೆ ಹೋಗುವುದು ಹೆಚ್ಚಾಗಿ ಇಂಥ ಗಾಯದಿಂದ. ಗದ್ದೆ ಕೆಲಸದ ನಂತರದ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಎಂದಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಗದ್ದೆಗೆ ಇಳಿದಿದ್ದೆ ಎಂದು ವೈದ್ಯರಿಗೆ ಮೊದಲು ಹೇಳಿ.

ನೀವು ಕೇಳದ ಒಂದು ವಿಷಯ. ದನದ ಪಿತ್ತಕೋಶದ ಚಪ್ಪಟೆ ಹುಳು ಫ್ಯಾಸಿಯೋಲ ಇನ್ನೊಂದು ಜಾತಿಯ ಬಸವನಹುಳುವಿನಿಂದ ಹೊರಬಿದ್ದು ನೀರಂಚಿನ ಎಲೆಗಳಿಗೆ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ಹೆಚ್ಚಾಗಿ ಬರುವುದು ಹಸಿ ಎಲೆ ತಿಂದು. ಹುಣಿಯ ಮೇಲಿನ ಒಂದೆಲಗವನ್ನು, ಅದೇ ತಿಮರೆಯನ್ನು, ಹಸಿಯಾಗಿ ಅರೆದು ಚಟ್ನಿ ಮಾಡುವ ಮನೆಗಳಲ್ಲಿ ದನ ಓಡಾಡುವ ಮದಗದ ಅಂಚಿನದ್ದನ್ನು ಕೀಳಬೇಡಿ. ಬರೀ ನೀರಿನಲ್ಲಿ ತೊಳೆದರೆ ಆ ಕೋಶ ಬಿಡುವುದಿಲ್ಲ, ಒಂದು ಕುದಿ ಬರಿಸಿದರೆ ಸಾಯುತ್ತದೆ. ಬಾವಿಕಟ್ಟೆಯ ಬದಿಯಲ್ಲಿ ಒಂದು ಕುಂಡ ಇಟ್ಟು ನಾಲ್ಕು ಬಳ್ಳಿ ಊರಿದರೆ ಮಳೆಗಾಲ ಮುಗಿಯುವುದರೊಳಗೆ ಚಟ್ನಿಗೆ ಆಗುವಷ್ಟು ಹಬ್ಬುತ್ತದೆ.